ಮೊದ್ಲಿಂದಪ್ಪನ ಮೈಕು

ಬಸ್ಸು ಹೊರಡುವುದಕ್ಕೂ, ಬಸ್ಸು ಹೊರಡುತ್ತದೆ ಎಂದು ಮೈಕಿನಲ್ಲಿ ಹೇಳುವುದಕ್ಕೂ ಏನಾದರೊಂದು ಸಂಬಂಧ ಇರಬೇಕು ಎಂಬುದು ಪ್ರಯಾಣಿಕರೆಂಬ ಪಾಮರರ ಮೂಢನಂಬಿಕೆ. ಮೊದ್ಲಿಂದಪ್ಪ ಅಂಥ ಮೂಢನಂಬಿಕೆಗಳಿಂದ ಬಹಳ ಮೇಲಕ್ಕೆ ಏರಿದ್ದ. ಎಷ್ಟು ಮೇಲಕ್ಕೆ ಎಂದರೆ, ಬಸ್ ನಿಲ್ದಾಣದ ಮಹಡಿಯ ಮೇಲಿದ್ದ ಗಾಜಿನ ಗೂಡಿನವರೆಗೆ. ಅಲ್ಲಿ ಕತ್ತಿಗೆ ಮಫ್ಲರ್ ಸುತ್ತಿ, ಮಗ್ಗುಲಲ್ಲಿ ಬಿಸಿನೀರಿನ ಫ್ಲಾಸ್ಕ್ ಇಟ್ಟುಕೊಂಡು ಕೂತು, ಯಾವ ಬಸ್ಸು ಎಲ್ಲಿಂದ ಹೊರಡುತ್ತದೆ ಎಂದು ಅವನು ಜಗತ್ತಿಗೆ ಸಾರುತ್ತಿದ್ದ. ಸಾರಿ ಮುಗಿಸುವ ಹೊತ್ತಿಗೆ ಬಸ್ಸು ಎರಡು ಸ್ಟಾಪು ದಾಟಿರುತ್ತಿತ್ತು. ಅದು ಬಸ್ಸಿನ ತಪ್ಪು.

ಅವನೇನು ಹುಟ್ಟುತ್ತಲೇ ಹೀಗಿರಲಿಲ್ಲ. ಮೊದಮೊದಲು ಎಲ್ಲರ ಹಾಗೆ ಕೆಮ್ಮುತ್ತ, ತಡವರಿಸುತ್ತ, ಬನ್ನು ಅಗಿಯುತ್ತಲೇ ಮೈಕಿನಲ್ಲಿ ಮಾತಾಡುತ್ತಿದ್ದ. ಜನ ಬಸ್ಸು ಹಿಡಿಯುತ್ತಿದ್ದರು. ಆಮೇಲೊಂದು ದಿನ, ನಿವೃತ್ತಿಗೆ ಹತ್ತಿರವಾಗಿದ್ದ ಇನ್ಸ್‌ಪೆಕ್ಟರೊಬ್ಬರು ಪುಕ್ಕಟೆ ಕಾಫಿ ಕುಡಿದ ಋಣಕ್ಕೆ ಅವನ ಬೆನ್ನು ತಟ್ಟಿ, "ನಿಂದು ರೇಡಿಯೋದಲ್ಲಿ ಬರೋ ದನಿ ಕಣಯ್ಯಾ! ಒಂಚೂರು ತಪ್ಪಿಲ್ದೆ ಹೇಳಿಬಿಟ್ರೆ ನಿನ್ ಮುಂದೆ ಯಾರಿದಾರೆ?" ಅಂದುಬಿಟ್ಟರು. ಆ ಮಹಾನುಭಾವರು ನಿವೃತ್ತರಾಗಿ ಮನೆಯಲ್ಲಿ ಕಾಲು ಚಾಚಿ ಮಲಗಿದ್ದಾರೆ. ಆ ಕಾಫಿಗೆ ದಂಡ ತೆತ್ತಿದ್ದು ಮಾತ್ರ ಪ್ರಯಾಣಿಕರು.

ಅಂದಿನಿಂದ ಮೊದ್ಲಿಂದಪ್ಪನಿಗೆ ಒಂದೇ ಹಟ. ಘೋಷಣೆ ಒಂದೇ ಓಟದಲ್ಲಿ, ಒಂದು ಕಲೆಯಿಲ್ಲದೆ ಬರಬೇಕು. ನಡುವೆ ಉಸಿರು ಕೇಳಿಸಿತೋ, ಗಂಟಲು ಕರಕರ ಅಂದಿತೋ, ಕೆಳಗಿನ ಕಾಫಿ ಅಂಗಡಿಯಲ್ಲಿ ಚಮಚ ಬಿದ್ದ ಸದ್ದು ಮೈಕಿಗೆ ಸೇರಿತೋ, ತಕ್ಷಣ ನಿಲ್ಲಿಸಿ, "ಕ್ಷಮಿಸಿ, ಮೊದಲಿಂದ" ಎನ್ನುತ್ತಿದ್ದ. ಹಾರನ್ ಕೇಳಿಸಿದರಂತೂ ಮುಗಿದೇಹೋಯಿತು. ಬಸ್ ನಿಲ್ದಾಣದಲ್ಲಿ ಬಸ್ಸುಗಳು ಹಾರನ್ ಹೊಡೆಯುವುದು ಎಂಥ ಅನಾಗರಿಕತನ ಎಂದು ಅವನು ಡ್ರೈವರುಗಳ ಜೊತೆ ಜಗಳಕ್ಕೇ ನಿಂತಿದ್ದ. ಜನ ಅಪ್ಪ ಅಮ್ಮ ಇಟ್ಟ ಹೆಸರನ್ನು ಮರೆತು ಅವನನ್ನು ಮೊದ್ಲಿಂದಪ್ಪ ಎಂದು ಕರೆಯತೊಡಗಿದ್ದು ಹೀಗೆ. ಓಡುವ ಜನರನ್ನು ನೋಡಿದರೆ ಏಕಾಗ್ರತೆ ಕೆಡುತ್ತದೆ ಎಂದು ತನ್ನ ಕುರ್ಚಿಯನ್ನೂ ಗಾಜಿನ ಕಡೆಯಿಂದ ತಿರುಗಿಸಿ ಗೋಡೆಗೆ ಮುಖ ಮಾಡಿ ಹಾಕಿಕೊಂಡಿದ್ದ.

ಆ ನಿಲ್ದಾಣದ ವ್ಯವಸ್ಥೆಯೂ ಅವನಿಗೆ ತಕ್ಕಂತೆಯೇ ಇತ್ತು. ಇಂಥ ಬಸ್ಸಿಗೆ ನಿಲ್ಲಲು ಇಂಥದೇ ಅಂಕಣ ಎಂಬ ಕಟ್ಟುಪಾಡು ಅಲ್ಲಿರಲಿಲ್ಲ. ಯಾವುದು ಖಾಲಿಯೋ ಅಲ್ಲಿ ಬಸ್ಸು ಮೂತಿ ತೂರಿಸುತ್ತಿತ್ತು. ಮುಂದಿನ ಬೋರ್ಡು ಓದೋಣವೆಂದರೆ ಅದರ ಮೇಲೆ ವರ್ಷಗಟ್ಟಲೆಯ ಧೂಳು. ಆದ್ದರಿಂದ ಜನ ನೆಚ್ಚಿಕೊಂಡಿದ್ದು ಮೈಕನ್ನೇ. "ಪ್ರಯಾಣಿಕರ ಗಮನಕ್ಕೆ. ಹಳೇ ಸೇತುವೆ, ಗಿರಣಿ ಮಾರ್ಗವಾಗಿ ಬಂದರಿಗೆ ತೆರಳುವ ಬಸ್ಸು..." ಎಂದು ಕೇಳಿದ ಕೂಡಲೆ ಚೀಲ ಎತ್ತಿಕೊಳ್ಳುತ್ತಿದ್ದರು. "ಕ್ಷಮಿಸಿ, ಮೊದಲಿಂದ" ಎಂದಾಗ ಇಳಿಸುತ್ತಿದ್ದರು. ಮತ್ತೆ ಎತ್ತುತ್ತಿದ್ದರು. ಹೀಗೆ ಎತ್ತಿ ಇಳಿಸಿ ಊರಿನ ಜನರ ತೋಳುಗಳು ಗಟ್ಟಿಯಾಗಿದ್ದವೇ ಹೊರತು ಯಾರೂ ಊರು ಸೇರುತ್ತಿರಲಿಲ್ಲ.

ಮನೆಯಲ್ಲೂ ಇದೇ ಕಥೆ. ಗಡಿಯಾರ ತೂಗುಹಾಕಲು ಹೋಗಿ, ಕೂದಲೆಳೆಯಷ್ಟು ವಾಲಿತೆಂದು ಮೊಳೆ ಕಿತ್ತು ಮತ್ತೆ ಹೊಡೆದು, ಮತ್ತೆ ಕಿತ್ತು, ಗೋಡೆ ಜರಡಿಯಾಗಿತ್ತು. ಪಕ್ಕದ ಮನೆಯ ಟೈಲರಮ್ಮ ಈಗ ಬಾಗಿಲಿಗೆ ಬರದೆ ಆ ತೂತಿನಲ್ಲೇ ಸಕ್ಕರೆ ಕೇಳುತ್ತಿದ್ದಳು. ಹೆಂಡತಿ ಹೇಳಿ ಹೇಳಿ ಸೋತಿದ್ದಳು. "ನೀವು ನನ್ನ ನೋಡೋಕೆ ಬಂದ ದಿನ ಹೀಗಿದ್ದಿದ್ರೆ, ನಾನಿನ್ನೂ ತವರಲ್ಲೇ ಇರ್ತಿದ್ದೆ ಕಣ್ರೀ, ಸುಖವಾಗಿ."

ಇಂಥ ಮನೆಗೆ ಅವಳ ತಾಯಿ, ಅಂದರೆ ಮೊದ್ಲಿಂದಪ್ಪನ ಅತ್ತೆ, ಬಂದರಿನಿಂದ ಬಂದಳು. ಒಂದು ವಾರ ಇದ್ದಳು, ಅಳಿಯನ ಹುಳುಕನ್ನೆಲ್ಲ ಎಣಿಸಿದಳು, ತೃಪ್ತಳಾಗಿ ಹೊರಟು ನಿಂತಳು.

ಅತ್ತೆಯ ಬಸ್ಸು! ಇದನ್ನು ಹೇಗೆಂದರೆ ಹಾಗೆ ಕೂಗಲಾಗುತ್ತದೆಯೇ? ಮೊದ್ಲಿಂದಪ್ಪ ಬೆಳಿಗ್ಗೆಯೇ ಗಂಟಲು ಸವರಿಕೊಂಡ, ಮಫ್ಲರ್ ಬದಲಿಸಿದ. "ಪ್ರಯಾಣಿಕರ ಗಮನಕ್ಕೆ" ಎಂಬಲ್ಲಿ ಒಂದು ಹಾರನ್. ಮೊದಲಿಂದ. "ಗಿರಣಿ ಮಾರ್ಗವಾಗಿ" ಎಂಬಲ್ಲಿ ಒಂದು ಬಿಕ್ಕಳಿಕೆ. ಮೊದಲಿಂದ. ಕೊನೆಗೆ ಎಂಥ ಘೋಷಣೆ ಬಂತೆಂದರೆ, ಕಾಫಿ ಅಂಗಡಿಯ ಅಕ್ಕ ಲೋಟ ತೊಳೆಯುವುದನ್ನು ನಿಲ್ಲಿಸಿ ತಲೆಯೆತ್ತಿ ಕೇಳಿದಳು. ಬಂದರಿನ ಬಸ್ಸು ಆಗಲೇ ಹಳೇ ಸೇತುವೆ ದಾಟುತ್ತಿತ್ತು. ಅತ್ತೆ ಬೆಂಚಿನ ಪಕ್ಕ ಚೀಲ ಎತ್ತಿ ಹಿಡಿದು ನಿಂತೇ ಇದ್ದಳು.

ಸಂಜೆ ಅತ್ತೆಯ ಚೀಲ ಹೊತ್ತುಕೊಂಡು ಮೊದ್ಲಿಂದಪ್ಪ ಬೀದಿಯಲ್ಲಿ ತಲೆ ತಗ್ಗಿಸಿ ಬಂದ. ಟೈಲರಮ್ಮ ನೋಡಿದಳು.

"ಏನಣ್ಣಾ, ಅತ್ತೆ ಹೋಗ್ಲಿಲ್ವಾ?"

ನನ್ನ ಘೋಷಣೆ ತಡವಾಯಿತು ಎಂದು ಹೇಳಬೇಕಿತ್ತು. ರೇಡಿಯೋ ದನಿಯ ಮನುಷ್ಯ ಅಂಥ ಮಾತು ಆಡಿಯಾನೇ? "ಇಲ್ಲಮ್ಮ... ಇನ್ನೊಂದು ದಿನ ಇರ್ಲಿ ಅಂತ..." ಎಂದು ತೇಲಿಸಿದ.

ಟೈಲರಮ್ಮ ಹೊಲಿಗೆ ಯಂತ್ರ ಬಿಟ್ಟು ಎದ್ದು ನಿಂತಳು. "ಹೋಗ್ತೀನಿ ಅಂದ ಅತ್ತೇನ ಬಸ್ ಸ್ಟ್ಯಾಂಡಿಂದ ವಾಪಸ್ ಕರ್ಕೊಂಡು ಬಂದ್ರಾ! ಅಯ್ಯಯ್ಯೋ! ನಮ್ಮನೇಲೂ ಒಬ್ರಿದಾರೆ, ನಮ್ಮಮ್ಮ ಬಂದ ದಿನವೇ ಬಸ್ಸಿನ ಟೈಮು ಕೇಳ್ತಾರೆ!" ಕೊನೆಯ ಮಾತನ್ನು ಒಳಗಿದ್ದ ಗಂಡನಿಗೆ ಕೇಳುವಂತೆ ಹೇಳಿದಳು. ಗಂಡನಿಗೆ ಏನು, ಬೀದಿಗೇ ಕೇಳಿಸಿತು.

ಮರುದಿನ ಅವನು ಇನ್ನೂ ಎಚ್ಚರ ವಹಿಸಿದ. ಇನ್ನೂ ಎಚ್ಚರ ವಹಿಸಿದ್ದರಿಂದ ಬಸ್ಸು ಇನ್ನೂ ದೂರ ಹೋಗಿತ್ತು. ಅತ್ತೆ ಮತ್ತೆ ವಾಪಸ್. ಮೂರನೇ ದಿನ ಜೇನು ನೆಕ್ಕಿ ಕೂತ. ಜೇನು ನಾಲಿಗೆಗೆ ಅಂಟಿ, "ಬಂದರಿಗೆ" ಎಂಬ ಮಾತು ಬಾಯಿಂದ ಹೊರಬರುವಾಗಲೇ ಸಾಯಂಕಾಲವಾಯಿತು. ಅತ್ತೆ ಬೀದಿಯಲ್ಲಿ ಕಾಣಿಸಿಕೊಂಡಾಗ ಹೆಂಗಸರು ಬಾಗಿಲ ಬಾಗಿಲಲ್ಲಿ ನಿಂತು ನೋಡಿದರು. ಕೆಲವರು ಕಣ್ಣೊರೆಸಿಕೊಂಡರು. ಯಾವ ಅಳಿಯ ಹೀಗೆ ಮಾಡಿಯಾನು? ಲೋಕದಲ್ಲಿ ಇನ್ನೂ ಒಳ್ಳೆಯತನ ಇದೆ.

ಆ ಒಳ್ಳೆಯತನದ ಬಿಸಿ ತಟ್ಟಿದ್ದು ಬೀದಿಯ ಗಂಡಸರಿಗೆ. ಮನೆಮನೆಯಲ್ಲೂ ಗಂಡಂದಿರ ವಿಚಾರಣೆ ಶುರುವಾಯಿತು. ತಟ್ಟೆಗಳು ಸದ್ದು ಮಾಡತೊಡಗಿದವು. ಟೈಲರಮ್ಮನ ಗಂಡ ಗೋಡೆಯ ತೂತಿನಲ್ಲಿ ಬಾಯಿಟ್ಟು ಪಿಸುಗುಟ್ಟಿದ.

"ಅಣ್ಣಾ, ನಿನ್ ಕಾಲಿಗೆ ಬೀಳ್ತೀನಿ. ನಿಮ್ಮತ್ತೇನ ಕಳ್ಸಪ್ಪಾ!"

"ನಾನೇನು ಹಿಡ್ಕೊಂಡಿದೀನಾ ಮಾರಾಯಾ?"

"ನಮ್ಮತ್ತೆಗೆ ಸುದ್ದಿ ಹೋಗಿದೆ. ಈ ವಾರವೇ ಬರ್ತಾಳಂತೆ. ಹಾಸಿಗೆ ಸಮೇತ!"

ಇತ್ತ ಬಂದರಿನಲ್ಲಿದ್ದ ಬಾಮೈದ ಬೇರೆಯದೇ ಲೆಕ್ಕ ಹಾಕಿದ. ಅವನ ಅನುಭವದಲ್ಲಿ ಅತ್ತೆಯನ್ನು ಸುಮ್ಮನೆ ಇಟ್ಟುಕೊಳ್ಳುವ ಅಳಿಯ ಭೂಮಿಯ ಮೇಲೆ ಇನ್ನೂ ಹುಟ್ಟಿರಲಿಲ್ಲ. ಫೋನು ಮಾಡಿ ಅರಚಿದ. "ಭಾವಾ, ನೇರವಾಗಿ ಹೇಳಿಬಿಡಿ. ಮನೆ ಪತ್ರಕ್ಕೆ ಅಮ್ಮನ ಸಹಿ ಹಾಕಿಸ್ಕೊಳ್ಳೋವರೆಗೂ ಕಳ್ಸಲ್ಲ, ಅಷ್ಟೇ ತಾನೆ?"

"ನಿಮ್ಮಮ್ಮ ಬಸ್ಸು ತಪ್ಪಿಸ್ಕೊಂಡ್ರು ಕಣೋ!"

"ದಿನಾನೂ? ಮೈಕ್ ಯಾರ ಕೈಲಿದೆ ಭಾವಾ?"

ಪ್ರಶ್ನೆಯೇನೋ ಸರಿಯಾಗಿಯೇ ಇತ್ತು. ಬಾಮೈದ ಅಷ್ಟಕ್ಕೇ ಬಿಡದೆ ಬಸ್ ಇಲಾಖೆಯ ಸಾಹೇಬರಿಗೇ ದೂರು ಬರೆದ: ತಮ್ಮ ನೌಕರನು ಇಲಾಖೆಯ ಧ್ವನಿವರ್ಧಕವನ್ನು ದುರುಪಯೋಗಪಡಿಸಿಕೊಂಡು ನನ್ನ ತಾಯಿಯನ್ನು ಒತ್ತೆಯಾಳಾಗಿ ಇರಿಸಿಕೊಂಡಿರುತ್ತಾನೆ.

ಬಸ್ಸು ತಪ್ಪಿ ಊರೆಲ್ಲ ಗೋಳಾಡಿದಾಗ ಸಾಹೇಬರ ನಿದ್ದೆಗೆ ಭಂಗ ಬಂದಿರಲಿಲ್ಲ. ಗೋಳಿಗೆ ಯಾವ ಕಾಲದಲ್ಲೂ ಫೈಲು ಇರುವುದಿಲ್ಲ. ಒತ್ತೆಯಾಳು ಎಂದ ಕೂಡಲೆ ಫೈಲು ಹುಟ್ಟಿತು, ಫೈಲಿನ ಹಿಂದೆ ಸಾಹೇಬರು ಬಂದರು, ಸಾಹೇಬರ ಹಿಂದೆ ನಿಲ್ದಾಣದ ಕಂಟ್ರೋಲರ್ ಬೆವರು ಒರೆಸಿಕೊಳ್ಳುತ್ತ ಮಹಡಿ ಹತ್ತಿದ.

"ಏನ್ರೀ," ಸಾಹೇಬರು ಕೇಳಿದರು, "ಅತ್ತೆ ಮೇಲಿನ ಪ್ರೀತಿಗೆ ಬಸ್ಸು ತಪ್ಪಿಸ್ತಿದೀರಂತೆ?"

"ಇಲ್ಲ ಸಾರ್! ಪ್ರೀತಿ ಇಲ್ಲ!"

"ಹಾಗಾದ್ರೆ ದ್ವೇಷಕ್ಕಾ?"

"ಅದೂ ಇಲ್ಲ ಸಾರ್. ಒಂದು ತಪ್ಪೂ ಇಲ್ದೆ ಹೇಳ್ಬೇಕು ಅಂತ... ಮಧ್ಯ ಹಾರನ್ ಬಂದ್ಬಿಡುತ್ತೆ ಸಾರ್. ಕ್ಷಮಿಸಿ ಸಾರ್, ಈ ಮಾತು ಸರಿಯಾಗಿ ಬರ್ಲಿಲ್ಲ, ಮೊದಲಿಂದ ಹೇಳ್ತೀನಿ..."

ಕಂಟ್ರೋಲರ್ ಹಣೆ ಚಚ್ಚಿಕೊಂಡ. ಸಾಹೇಬರ ಮುಖ ಮಾತ್ರ ಅರಳಿತು. ತಪ್ಪೇ ಇಲ್ಲದ್ದು! ಅವರ ಕಚೇರಿಯಲ್ಲಿ ಅಂಥದೊಂದು ಪೆಟ್ಟಿಗೆ ಪ್ಯಾಕಿಂಗ್ ಕೂಡ ಬಿಚ್ಚದೆ ಬಿದ್ದಿತ್ತು. ಯಂತ್ರ. ಅದರೊಳಗೆ ಒಬ್ಬ ಹೆಂಗಸಿನ ದನಿ. ಕೆಮ್ಮುವುದಿಲ್ಲ, ಬಿಕ್ಕಳಿಸುವುದಿಲ್ಲ, ರಜೆ ಕೇಳುವುದಿಲ್ಲ, ಹೊತ್ತಿಗೆ ಸರಿಯಾಗಿ ತಾನೇ ಹೇಳುತ್ತದೆ.

"ನಾಳೆ ನಮ್ಮ ಕಚೇರೀಲಿರೋ ಯಂತ್ರ ಹಾಕಿ ನೋಡೋಣ. ಒಂದು ದಿನ ಸರಿಹೋದ್ರೆ ಸಾಕು. ನೀವು ನಾಡಿದ್ದಿಂದ ಟೈರ್ ಗೋದಾಮಿಗೆ ಹೋಗಿ."

ಟೈರ್ ಗೋದಾಮು! ಡಿಪೋದ ಹಿಂದೆ ಕಿಟಕಿಯಿಲ್ಲದ ಶೆಡ್ಡು. ಸವೆದ ಟೈರುಗಳನ್ನು ಬಿಟ್ಟರೆ ಅಲ್ಲಿ ಮಾತು ಕೇಳುವವರು ಯಾರೂ ಇಲ್ಲ. ಹಿಂದೆ ಅಲ್ಲಿಗೆ ಹೋದ ಒಬ್ಬ ಗುಮಾಸ್ತ ಈಗ ಮನೆಯಲ್ಲೂ ತಲೆಯಾಡಿಸುತ್ತಾನಷ್ಟೆ, ಬಾಯಿ ಬಿಡುವುದಿಲ್ಲ.

ರಾತ್ರಿ ಊಟಕ್ಕೆ ಕೂತಾಗ ಮೊದ್ಲಿಂದಪ್ಪ ಸುದ್ದಿ ಹೇಳಿದ. ಹೆಂಡತಿಯ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು.

"ಮೈಕ್ ಹೋದ್ರೆ ನಿಮ್ಮ ಕೈಲಿ ಏನ್ರೀ ಉಳೀತು?"

"ಅಳಿಯಂದ್ರೇ," ಅತ್ತೆ ತಟ್ಟೆಯಿಂದ ತಲೆಯೆತ್ತದೆ ಅಂದಳು, "ನನ್ನ ಗಂಡ ಮೀನು ಮಾರೋವಾಗ ಕೂಗ್ತಿದ್ರಲ್ಲ, ಆ ದನಿ ಒಡಕು ಮಡಕೆ ಥರ. ಬೀದಿ ಕೊನೆಯಿಂದ್ಲೂ ಜನ ಬುಟ್ಟಿ ತಗೊಂಡು ಓಡಿ ಬರೋರು. ನಿಮ್ಮದು ಬೆಣ್ಣೆ ದನಿ, ಒಪ್ದೆ. ಆದ್ರೆ ಒಬ್ಬರೂ ಓಡಿದ್ದು ನಾನು ನೋಡ್ಲಿಲ್ಲ."

ಮರುದಿನ ಯಂತ್ರವನ್ನು ಮೇಜಿನ ಮೇಲೆ ಕೂರಿಸಲಾಯಿತು. ಅದಕ್ಕೆ ಗಾಳಿ ಬೇಕೆಂದು ಮೊದ್ಲಿಂದಪ್ಪನ ಕುರ್ಚಿಯನ್ನು ಗೋಡೆಯಿಂದ ಎಳೆದು ಗಾಜಿನ ಕಡೆಗೆ ತಳ್ಳಿದರು. ಇಷ್ಟು ದಿನ ಬೆನ್ನು ಹಾಕಿ ಕೂತಿದ್ದ ನಿಲ್ದಾಣ ಕಣ್ಣೆದುರು ಬಂದುಬಿಟ್ಟಿತು. ಮೈಕನ್ನು ಕಂಟ್ರೋಲರ್ ಪಕ್ಕಕ್ಕೆ ಸರಿಸಿದ. ಸಾಹೇಬರು ಕಾಲ ಮೇಲೆ ಕಾಲು ಹಾಕಿ ಕೂತರು. ಕೆಳಗೆ ಅತ್ತೆ ಮತ್ತೆ ಚೀಲ ಹಿಡಿದು ಬಂದಿದ್ದಳು. ಜೊತೆಗೆ ಮಗಳು.

ಯಂತ್ರ ಮಾತಾಡಿತು. "ಪ್ರಯಾಣಿಕರ ಗಮನಕ್ಕೆ. ಹಳೇ ಸೇತುವೆ, ಗಿರಣಿ ಮಾರ್ಗವಾಗಿ ಬಂದರಿಗೆ ತೆರಳುವ ಬಸ್ಸು ಎರಡನೇ ಅಂಕಣದಿಂದ ಹೊರಡಲು ಸಿದ್ಧವಾಗಿದೆ."

ಒಂದು ಉಸಿರು ಕೂಡ ಕೇಳಿಸಲಿಲ್ಲ. ಸಾಹೇಬರು ಕಣ್ಣು ಮುಚ್ಚಿ, "ಆಹಾ" ಎಂದರು. ಮೊದ್ಲಿಂದಪ್ಪನ ಕಣ್ಣು ತುಂಬಿತು. ಅವನು ಇಷ್ಟು ದಿನ ಬಯಸಿದ್ದು ಇದನ್ನೇ.

ಜನ ಎದ್ದರು. ಚೀಲ ಎತ್ತಿದರು. ಎರಡನೇ ಅಂಕಣಕ್ಕೆ ನುಗ್ಗಿದರು. ಅಲ್ಲೊಂದು ಬಸ್ಸು ನಿಂತಿತ್ತು. ಹತ್ತಿ ಕೂತರು. ಅತ್ತೆ ಮುಂದಿನ ಸೀಟು ಹಿಡಿದು, ಕಿಟಕಿಯಿಂದ ಮಗಳಿಗೆ ಬುದ್ಧಿಮಾತು ಶುರುಮಾಡಿದಳು. ಆ ಬಸ್ಸಿನಡಿಯಿಂದ ಎರಡು ಕಾಲು ಚಾಚಿಕೊಂಡಿದ್ದನ್ನು ಯಾರೂ ಗಮನಿಸಲಿಲ್ಲ. ಅವು ಮೆಕ್ಯಾನಿಕ್ಕಿನ ಕಾಲುಗಳು. ಆ ಬಸ್ಸಿನ ಗೇರ್ ಬಾಕ್ಸು ಬಿಚ್ಚಿ ಅವನ ಎದೆಯ ಮೇಲಿತ್ತು.

ಬಂದರಿನ ಬಸ್ಸು ಎರಡರಲ್ಲಿ ಜಾಗ ಸಿಗದೆ, ಅತ್ತ ಕೊನೆಗೆ, ಐದನೇ ಅಂಕಣದಲ್ಲಿ, ಶೌಚಾಲಯದ ಪಕ್ಕ ಬಂದು ನಿಂತಿತು. ಖಾಲಿ. ಕಂಡಕ್ಟರು ಬಾಗಿಲಲ್ಲಿ ನಿಂತು, ಊರಲ್ಲಿ ಜನವೇ ಸತ್ತರೇ ಎಂಬಂತೆ ಸುತ್ತ ನೋಡಿದ.

"ಸಾರ್," ಕಂಟ್ರೋಲರ್ ತೊದಲಿದ, "ಬಸ್ಸು ಐದರಲ್ಲಿದೆ. ಇದು ಎರಡು ಅಂತಿದೆ."

"ಇದಕ್ಕೆ ಹೇಳಿ, ಐದು ಅನ್ನೋಕೆ."

"ಹೇಗ್ ಸಾರ್ ಹೇಳೋದು?"

ಸಾಹೇಬರು ಯಂತ್ರದ ಹಿಂದೆ ನೋಡಿದರು, ಮುಂದೆ ನೋಡಿದರು, ಒಮ್ಮೆ ತಟ್ಟಿದರು. "ಕಂಪನಿಯವರಿಗೆ ಬರೀಬೇಕು. ಹೊಸದಾಗಿ ದನಿ ತುಂಬಿ ಕಳಿಸ್ತಾರೆ. ಒಂದೆರಡು ತಿಂಗಳು..."

"ಪ್ರಯಾಣಿಕರ ಗಮನಕ್ಕೆ," ಎಂದು ಯಂತ್ರ ಅಷ್ಟೇ ಸೊಗಸಾಗಿ ಎರಡನೇ ಸಲ ಶುರುಮಾಡಿತು. ಕೆಳಗೆ ಅಳಿದುಳಿದವರೂ ಓಡಿ ಆ ಗೇರಿಲ್ಲದ ಬಸ್ಸನ್ನು ಹತ್ತಿದರು. ಮೆಕ್ಯಾನಿಕ್ಕಿನ ಕಾಲುಗಳು ಭಯದಿಂದ ಒದ್ದಾಡಿದವು. ಅತ್ತ ಬಂದರಿನ ಬಸ್ಸಿನ ಡ್ರೈವರು ಎಂಜಿನ್ ಶುರುಮಾಡಿದ.

ಮೊದ್ಲಿಂದಪ್ಪ ಗಾಜಿನಿಂದ ಕೆಳಗೆ ನೋಡಿದ. ಅತ್ತೆ ಬುತ್ತಿ ಬಿಚ್ಚುತ್ತಿದ್ದಳು. ಅವನು ಮೈಕು ಎಳೆದುಕೊಂಡು ಮಫ್ಲರ್ ಸರಿಮಾಡಿಕೊಂಡ.

"ಪ್ರಯಾಣಿಕರ ಗಮನಕ್ಕೆ. ಹಳೇ ಸೇತುವೆ..."

ಪೋಂ! ಅಂತ ಹಾರನ್.

"ಕ್ಷಮಿಸಿ, ಮೊ..."

ಬಂದರಿನ ಬಸ್ಸು ಒಂದು ಗೇಣು ಮುಂದೆ ಸರಿಯಿತು.

"ಅಯ್ಯೋ ಮೊದಲಿಂದಕ್ಕೆ ಬೆಂಕಿ ಬೀಳ! ಅತ್ತೇ! ಇಳೀರಿ! ಓಡಿ! ಆ ಬಸ್ಸಿಗೆ ಗೇರೇ ಇಲ್ಲಾ!"

ನಿಲ್ದಾಣದಲ್ಲಿದ್ದ ಅತ್ತೆಯರೆಲ್ಲ ಎದ್ದು ಓಡಿದರು. ಯಾರ ಅತ್ತೆ ಎಂದು ಅವನು ಹೇಳಿರಲಿಲ್ಲ.

"ಎರಡರಲ್ಲಿ ಕೂತಿರೋರೆಲ್ಲ ಇಳೀರೀ! ಬಂದರಿನ ಬಸ್ಸು ನಾಲ್ಕರಲ್ಲಿ, ಅಲ್ಲಲ್ಲ, ಐದು, ಐದು! ಟಾಯ್ಲೆಟ್ ಪಕ್ಕ, ಮೂಗು ಹೇಳುತ್ತೆ, ಮೂಗು ಹಿಡಿದು ಬನ್ನಿ! ಹಸಿರು ಟೋಪಿ ಅಣ್ಣಾ, ಆ ಕಡೆ ಎಲ್ಲಿಗೆ? ಅದು ಪೊಲೀಸ್ ಜೀಪು, ಅದನ್ನ ಹತ್ತಬೇಡ! ಡ್ರೈವರಣ್ಣಾ, ಬ್ರೇಕಿಂದ ಕಾಲು ತೆಗೆದ್ಯೋ, ನಿನ್ನ ಕಥೆ ಅಷ್ಟೇ! ಕಂಡಕ್ಟರಣ್ಣಾ, ಸೀಟಿ ಊದ್ಬೇಡ, ಮಗು ಇದೆ, ಹೂಂ ಆ ನೀಲಿ ಸೀರೆಯವರ ಮಗು, ಚಪ್ಪಲಿ ಬಿಟ್ಟೋಯ್ತು, ಇರ್ಲಿ ಬಿಡಮ್ಮಾ, ಮೊದ್ಲು ಮಗು ಹತ್ಸು..." ಇಲ್ಲಿ ಕೆಮ್ಮಿದ. ಜೋರಾಗಿ ಕೆಮ್ಮಿದ. "...ಚಪ್ಪಲಿ ಯಾರಾದ್ರೂ ಎಸೀರಪ್ಪಾ ಒಳಗೆ!"

"ಎರಡನೇ ಅಂಕಣದಿಂದ ಹೊರಡಲು ಸಿದ್ಧವಾಗಿದೆ," ಎಂದು ಯಂತ್ರ ನಡುವೆ ಬಾಯಿ ಹಾಕಿತು.

"ಅವಳ ಮಾತು ಕೇಳ್ಬೇಡ್ರೀ! ಅವಳಿಗೆ ಕಣ್ಣಿಲ್ಲ!"

ಕೆಳಗೆ ನಿಂತಿದ್ದ ಅವನ ಹೆಂಡತಿ ಸೊಂಟಕ್ಕೆ ಕೈಯಿಟ್ಟು ಗಾಜಿನ ಗೂಡಿನತ್ತ ನೋಡಿದಳು. "ಯಾವಳ್ರೀ ಅವಳು?"

"ಆಮೇಲೆ ಹೇಳ್ತೀನಿ ಮಾರಾಯ್ತಿ! ನಿಮ್ಮಮ್ಮನ ಚೀಲ ಹಿಡ್ಕೊ, ಓಡು!"

ಊರು ಅಂಥ ಓಟವನ್ನು ಕಂಡಿರಲಿಲ್ಲ. ಕಾಫಿ ಅಂಗಡಿಯ ಅಕ್ಕ ಲೋಟ ಬಿಟ್ಟು ಹೊರಬಂದು, ದಾರಿ ತಪ್ಪಿದವರ ಬೆನ್ನಿಗೆ ಕೈಕೊಟ್ಟು ಐದರ ಕಡೆ ನೂಕಿದಳು. ಚಪ್ಪಲಿ ಹಾರಿ ಹೋಗಿ ಬಸ್ಸಿನ ಕಿಟಕಿಯೊಳಗೆ ಬಿತ್ತು. ಅತ್ತೆ, ಗಾಳಿಗೆ ಸೀರೆ ಹಾರಿಸುತ್ತ, ಚೀಲ ಹೊತ್ತ ಮಗಳನ್ನೂ ಹಿಂದೆ ಹಾಕಿ, ಎಲ್ಲರಿಗಿಂತ ಮೊದಲು ಬಸ್ಸೇರಿದಳು. ಕೊನೆಯ ಮನುಷ್ಯ ಮೆಟ್ಟಿಲ ಮೇಲೆ ಕಾಲಿಟ್ಟ ಮೇಲೆ ಮೊದ್ಲಿಂದಪ್ಪ, "ಹೊರಡೋ ನಮ್ಮಪ್ಪಾ!" ಎಂದ. ಬಸ್ಸು ಹೊರಟಿತು. ತುಂಬಿ, ತುಳುಕಿ, ಹೊತ್ತಿಗೆ ಸರಿಯಾಗಿ. ಬಾಗಿಲಲ್ಲಿ ಜೋತುಬಿದ್ದ ಕಂಡಕ್ಟರು ಗಾಜಿನ ಗೂಡಿನ ಕಡೆ ಸಲಾಮು ಹೊಡೆದ. ಡ್ರೈವರು ಉದ್ದಕ್ಕೆ ಹಾರನ್ ಒತ್ತಿದ. ಉಳಿದ ಬಸ್ಸುಗಳೂ ಒತ್ತಿದವು. ಜನ ಸಿಳ್ಳೆ ಹಾಕಿದರು. ಬಸ್ಸಿನಡಿಯಿಂದ ಮೆಕ್ಯಾನಿಕ್ಕಿನ ಒಂದು ಕೈ ಹೊರಬಂದು ಸ್ಪ್ಯಾನರು ಎತ್ತಿ ಆಡಿಸಿತು.

ಅತ್ತೆ ಕಿಟಕಿಯಿಂದ ತಲೆ ಹೊರಹಾಕಿ ಕೂಗಿದಳು. "ಅಳಿಯಂದ್ರೇ! ಇವತ್ತು ಬಾಯಿ ಬಿಟ್ರಿ ನೋಡಿ!"

ಸಾಹೇಬರು ಬಹಳ ಹೊತ್ತು ಕೆಳಗೆ ನೋಡಿದರು. ಖಾಲಿಯಾದ ಬೆಂಚುಗಳು, ಹೋದ ಬಸ್ಸಿನ ಧೂಳು. ಇಲಾಖೆಯ ಇತಿಹಾಸದಲ್ಲಿ ಒಂದು ಬಸ್ಸು ತುಂಬಿ ಹೊತ್ತಿಗೆ ಹೊರಟಿದ್ದಕ್ಕೆ ಅವರು ಸಾಕ್ಷಿಯಾಗಿದ್ದರು. ಈಗ ಇದನ್ನು ತಮ್ಮದೇ ಯೋಚನೆ ಎಂದು ತೋರಿಸುವುದು ಹೇಗೆ ಎಂಬುದಷ್ಟೇ ಬಾಕಿ. ಅಂಥ ಕೆಲಸದಲ್ಲಿ ಅವರು ನಿಪುಣರು, ಅದಕ್ಕೇ ಸಾಹೇಬರಾಗಿದ್ದರು.

"ಬರ್ಕೊಳ್ಳಿ," ಎಂದರು ಕಂಟ್ರೋಲರ್‌ಗೆ. "ಯಂತ್ರದ ಪರೀಕ್ಷೆ ಪೂರ್ಣ ಯಶಸ್ವಿಯಾಗಿದೆ. ಹೆಚ್ಚಿನ ಅಧ್ಯಯನಕ್ಕಾಗಿ ಅದನ್ನು ಹಿಂದಕ್ಕೆ ಕಳುಹಿಸಲಾಗಿದೆ. ಘೋಷಣೆ ಕೆಲಸ ಹಿಂದಿನಂತೆ ಇವರೇ ಮುಂದುವರಿಸತಕ್ಕದ್ದು." ಆಮೇಲೆ ದನಿ ತಗ್ಗಿಸಿ, "ಹಿಂದಿನಂತೆ ಅಲ್ಲ ಕಣ್ರೀ, ಇವತ್ತಿನಂತೆ. ಅದನ್ನ ಬರೀಬೇಡಿ" ಎಂದರು.

ಸಂಜೆ ಮೊದ್ಲಿಂದಪ್ಪ ಬೀದಿಗೆ ಕಾಲಿಟ್ಟಾಗ ಗಂಡಸರು ಸಾಲಾಗಿ ನಿಂತಿದ್ದರು. ಟೈಲರಮ್ಮನ ಗಂಡ ಓಡಿಬಂದು ಅವನನ್ನು ಅನಾಮತ್ತು ಎತ್ತಿಕೊಂಡ.

"ಗಂಡು ಅಂದ್ರೆ ನೀನು ಅಣ್ಣಾ! ಮೈಕಲ್ಲೇ ಅತ್ತೇನ ಓಡಿಸ್ದೆ! ಇಡೀ ಊರು ಕೇಳ್ತು! ನಮ್ಮತ್ತೆ ಅರ್ಧ ದಾರಿಯಿಂದ ಹಾಸಿಗೆ ಸಮೇತ ವಾಪಸ್!"

ಟೈಲರಮ್ಮ ಬಾಗಿಲು ಧಡಾರನೆ ಹಾಕಿಕೊಂಡಳು. ಹಾಗಲ್ಲ, ಓಡಿಸಿದ್ದಲ್ಲ, ಹತ್ತಿಸಿದ್ದು ಎಂದು ಮೊದ್ಲಿಂದಪ್ಪ ಬಾಯಿ ತೆರೆದ. ಇವರಿಗೆ ಇದನ್ನು ಸರಿಯಾಗಿ ಬಿಡಿಸಿ ಹೇಳಬೇಕೆಂದರೆ ಬೀದಿಯಲ್ಲೇ ಬೆಳಗಾಗುತ್ತದೆ. ಹಸಿವೆ ಬೇರೆ. "ಆಯ್ತು ಬಿಡಪ್ಪಾ" ಎಂದು ಅವನ ಹೆಗಲಿಂದಿಳಿದು ಮನೆಯೊಳಗೆ ಹೋದ. 'ಅವಳು' ಯಾರೆಂದು ಹೆಂಡತಿಗೆ ವಿವರಿಸುವಾಗ ಎರಡು ಕಡೆ ತಡವರಿಸಿದ. ಹಾಗೇ ಮುಂದುವರಿಸಿದ. ಅವಳು ನಕ್ಕಳು.

ಮಾರನೆಯ ಬೆಳಿಗ್ಗೆ ಗಿರಣಿಯ ಮೊದಲ ಬಸ್ಸಿನ ಘೋಷಣೆ. ಕಾಫಿ ಲೋಟವನ್ನು ಮೈಕಿನ ಪಕ್ಕವೇ ಇಟ್ಟುಕೊಂಡು ಕೂತಿದ್ದ. "ಗಿರಣಿ ಬಸ್ಸು ಮೂರರಲ್ಲಿ ಇದೆ ನೋಡ್ರಪ್ಪಾ, ಹಿಂದಿನ ಬಾಗಿಲು ಕಚ್ಕೊಂಡಿದೆ, ಮುಂದಿಂದ..." ಅಷ್ಟರಲ್ಲಿ ಸೀನು ಬಂತು. ತಡೆಯಲಿಲ್ಲ. ಧ್ವನಿವರ್ಧಕಗಳೆಲ್ಲ ನಡುಗುವಂತೆ, ಚಾವಣಿಯ ಪಾರಿವಾಳಗಳು ಹಾರುವಂತೆ ಸೀನಿದ.

ಕೆಳಗೆ ಮೂರನೇ ಅಂಕಣದ ಹತ್ತಿರ ಊರುಗೋಲು ಹಿಡಿದು ನಿಂತಿದ್ದ ಒಬ್ಬ ಮುದುಕ ತಲೆಯೆತ್ತಿ, "ನೂರು ವರ್ಷ ಬಾಳಪ್ಪಾ!" ಎಂದು ಹರಸಿದ.

"ಆಗ್ಲಿ ತಾತಾ," ಮೈಕು ಗುಡುಗಿತು, "ಆದ್ರೆ ಬಸ್ಸು ಅಷ್ಟು ಹೊತ್ತು ನಿಲ್ಲಲ್ಲ, ಹತ್ತು!"